ಡ್ರಮ್ಮಿನ ಹಿಂದಿನ ರಾಣಿ

ಇವತ್ತ ಗೋವಾದ ಕುಂಡಯಿದಾಗ ಕೆಲಸ ಮುಗಿಸಿ ಬರೂಮುಂದ ಯಾರದೋ ಖೋಲಿಯಿಂದ ಬಂಗಡಿ ಮೀನ ಹುರಿಯೋ ವಾಸನಿ ಬಂತ್ರಿ. ಅಲ್ಲೇ ನಿಂತಬಿಟ್ಟೆ. ನಮ್ಮ ಬೆಕ್ಕು ರಾಣಿ ನೆನಪಾದ್ಲು.

ನಾ ಸಣ್ಣಾಂವ ಇದ್ದಾಗ ಅಪ್ಪಗ ಫೋಂಡಾದಾಗ ಗೌಂಡಿ ಕೆಲಸ ಸಿಕ್ತು. ಮದ್ಲ ನಾವಿದ್ದ ವಾಸ್ಕೋದಿಂದ ರಾಣಿನ್ನ ಸಿಮಿಟಿ ಚೀಲದಾಗ ಹಾಕ್ಕೊಂಡು ಬಂದ್ವಿ. ಹೊಸಾ ಖೋಲ್ಯಾಗ ಚೀಲ ಬಿಚ್ಚಿದ್ದ ತಡ, ನೀರಿನ ಡ್ರಮ್ಮಿನ ಹಿಂದ ಸೇರಿದ್ಲು. ಹಾಲು ಮುಟ್ಟಲಿಲ್ಲ, ಮೀನ ಮೂಸಲಿಲ್ಲ. ದಿನಾ ದಿನಾ ಸೊರಗಿದ್ಲು.

ಅವ್ವ ನೆಲಕ್ಕ ಕುಂತು, "ಬಾ ನನ್ನವ್ವಾ, ಒಂದ ತುತ್ತು ತಿನ್ನವಾ" ಅಂತ ಬೇಡ್ಕೊಂಡ್ಲು. ಅಪ್ಪನೂ ಮೆತ್ತಗ ಕರದ. ನಾ ಡ್ರಮ್ಮಿಗೆ ಹಣಿ ಹಚ್ಚಿ ಅತ್ತೆ. ಸತ್ತ ಹೋಗ್ತಾಳ ಅನ್ನೂದೊಂದ ನನ್ನ ತಲ್ಯಾಗ.

ಕಡೀಕ ಅವ್ವ ಅಂದ್ಲು, "ಏನ್ರಿ, ವಾಸ್ಕೋದಾಗ ಊಟಕ್ಕ ಕುಂತಾಗ ದಿನಾ ಇಕಿಗೆ ಬೈತಿದ್ರಲ್ಲ, ಹಂಗ ಬೈರಿ. ಹಿಂಗ ನಾಜೂಕ ಮಾತಾಡಿದ್ರ ಅಕಿಗೆ ನಾವ್ಯಾರೋ ಬ್ಯಾರೇ ಮಂದಿ ಅನಸಾಕತ್ತೈತಿ."

ಅಪ್ಪ ತಾಟು ಹಿಡ್ಕೊಂಡು ಕುಂತ. "ಏ ಕಳ್ಳಿ! ನನ್ನ ತಾಟಿಗೆ ಬಾಯಿ ಹಾಕಿದ್ರ ಮಾರಿ ಒಡೀತೇನಿ ನೋಡು!" ಅಂದ. ಕಣ್ಣು ಒರಸ್ಕೋತ ಮತ್ತ ಬೈದ, ಇನ್ನೂ ಜೋರಲೆ ಬೈದ. ರಾಣಿ ತೂರ್ಯಾಡ್ಕೋತ ಹೊರಗ ಬಂದು ಅಪ್ಪನ ತಾಟಿಗೇ ಬಾಯಿ ಹಾಕಿದ್ಲು. ಅಪ್ಪ ಬೈಯೋದು ಬಿಡಲೇ ಇಲ್ಲ, ಅಕಿ ಉಂಡು ಮುಗಿಸೂತನಕ.

ಇದನ್ನೆಲ್ಲಾ ನೆನಸ್ಕೋತ ಮನಿಗೆ ಬಂದ್ರ, ದಿನಾ ಬೈಕೋತನ ಊಟಕ್ಕ ಕರಿಯೋ ಹೆಂಡ್ತಿ ಇವತ್ತ ಭಾಳ ನಾಜೂಕಲೆ, "ಬರ್ರಿ, ಉಣ್ಣಾಕ ಬರ್ರಿ" ಅಂದ್ಲು. ನಾ ಚಪ್ಪಲಿ ಬಿಡದ ಬಾಗಲದಾಗ ನಿಂತೆ ನೋಡ್ರಿ. "ಏನಾತು? ಮದ್ಲ ಒಂದೀಟು ಬೈ, ಆಮ್ಯಾಲ ಉಣ್ತೇನಿ" ಅಂದೆ.