ಬಾನಿಯ ಮೀನಿನ ಖಾಲಾ

ಖಾಲಾ ಅವರ ಅಂಗೈ ಬಿರುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಸದಾ ತುಸು ಕೆಸರು. ಸಿರುಗುಪ್ಪದಲ್ಲಿ ನಮ್ಮ ಎದುರು ಮನೆಯವರು. ಬಳ್ಳಾರಿಗೆ ರೈಲು ಬಂದ ಹೊಸತರಲ್ಲಿ, ಬಟ್ಟೆ ವ್ಯಾಪಾರದ ಗಂಡನ ಜೊತೆ ತೆಲುಗು ಸೀಮೆಯ ಕಡಲತೀರದಿಂದ ಬಂದವರು. ಮಕ್ಕಳಿರಲಿಲ್ಲ. ಓಣಿಯ ಮಕ್ಕಳಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ.

ಅವರ ಅಂಗಳದ ಕಲ್ಲುಬಾನಿಯ ನೀರಿನಲ್ಲಿ ಒಂದು ಮೀನಿತ್ತು. ಕೆಂಚನಗುಡ್ಡದ ಬೆಸ್ತರು ಹೊಳೆಯಿಂದ ತಂದುಕೊಟ್ಟದ್ದು. ಬೆರಳುದ್ದ, ಕೆಸರಿನದೇ ಬಣ್ಣ, ನೆತ್ತಿಯ ಮೇಲೆ ಎರಡು ಕಣ್ಣು. ಈಜುವುದಕ್ಕಿಂತ ಬಾನಿಯ ತಳಕ್ಕೆ ಹಾಸಿದ್ದ ಕೆಸರಿನಲ್ಲಿ ಹೊಟ್ಟೆಯೂರಿ ಕೂರುವುದೇ ಹೆಚ್ಚು. ತಿನ್ನಲೆಂದು ಸಾಕಿದ್ದಲ್ಲ. “ನಮ್ಮೂರಾಗ ಹೊಳಿ ಕಡಲು ಸೇರೋ ಕಡಿ ಬರೇ ಉಪ್ಪು ಕೆಸರು. ಅಲ್ಲಿ ಇದರ ಬಳಗ ಬಾಳ ಐತಿ,” ಎನ್ನುತ್ತಿದ್ದರು.

ನಾನು ಸಣ್ಣವಳಿದ್ದಾಗ ಅವ್ವ ಜ್ವರದಿಂದ ತೀರಿಹೋದಳು. ಅಂದಿನಿಂದ ನನ್ನ ಮಾತು ನಿಂತಿತು. ಅಜ್ಜಿ ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಳು. ಬಳ್ಳಾರಿಯ ಹಕೀಮರ ಲೇಹ್ಯ ನೆಕ್ಕಿಸಿದಳು. ಲಿಂಗ ಕಟ್ಟಿದ ಮನೆ ನಮ್ಮದು. ಮೀನಿದ್ದ ಅಂಗಳಕ್ಕೆ ನನ್ನನ್ನು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಖಾಲಾ ತಾವೇ ಬಂದು, “ಅಮ್ಮಾ, ಕೂಸನ್ನ ಕಳಸ್ರಿ. ಮಾತಾಡ್ಸಂಗಿಲ್ಲ, ಬರೇ ಕುಂದ್ರಿಸ್ಕೋತೀನಿ,” ಎಂದರು.

ಅಜ್ಜಿ ನನ್ನ ತಲೆ ಸವರಿ, “ಕರ್ಕೊಂಡು ಹೋಗವ್ವಾ,” ಎಂದಳು.

ಬೇವಿನ ನೆರಳು ನೀರಿನ ಮೇಲೆ ತೂಗುತ್ತಿತ್ತು. ಇಬ್ಬರೂ ಬಾನಿಯ ಅಂಚಿಗೆ ಗದ್ದವೂರಿ ಕೂರುತ್ತಿದ್ದೆವು. ಖಾಲಾ ತಮ್ಮ ಪಾಡಿಗೆ ಕಡಲಿನ ಸುದ್ದಿ ಹೇಳುತ್ತಿದ್ದರು: ನೀರು ಇಳಿದಾಗ ಕಣ್ಣು ಹಾಯುವವರೆಗೂ ಮಿನುಗುವ ಕೆಸರು, ಅದರೊಳಗೆ ತೇಲುವ ಮೋಡ. ನಿದ್ದೆಯೋ ಎಚ್ಚರವೋ ತಿಳಿಯದಂಥ ಮಧ್ಯಾಹ್ನಗಳು. ಒಂದು ದಿನ ಮೀನು ಕೆಸರೊಳಗೆ ಮಾಯವಾಯಿತು. ಎಷ್ಟು ಹುಡುಕಿದರೂ ಕಾಣಲಿಲ್ಲ.

“ಖಾಲಾ, ಅದೂ ಹೋತೇನು?” ಎಂದೆ.

ಅವರು ಬೆಚ್ಚಲಿಲ್ಲ. ನನ್ನ ಬೆರಳು ಹಿಡಿದು ನೀರಿಗಿಳಿಸಿ ಕೆಸರನ್ನು ಮೆಲ್ಲಗೆ ಕದಡಿದರು. ಎರಡು ಕಣ್ಣು ಮೇಲೆದ್ದವು. “ಎಲ್ಲಿ ಹೋಗ್ತೈತಿ, ಬಂಗಾರು ತಲ್ಲೀ, ನನ್ನ ಬಂಗಾರವ್ವಾ? ಇಲ್ಲೇ ಐತಿ ನೋಡು.” ಆಮೇಲೆ ನನ್ನನ್ನು ಅಪ್ಪಿಕೊಂಡು, ಅವ್ವನಿಗಾಗಿ ಅಳುವಷ್ಟೂ ಅಳಲು ಬಿಟ್ಟರು.

ನಾನು ಮದುವೆಯಾಗಿ ಸಂಗನಕಲ್ಲಿಗೆ ಹೋದ ಮೇಲೆ ಖಾಲಾ ಹಾಸಿಗೆ ಹಿಡಿದರು. ಸುದ್ದಿ ತಿಳಿದು ಗಾಡಿ ಕಟ್ಟಿಸಿಕೊಂಡು ಬಂದೆ. ಕಣ್ಣು ತೆರೆಯಲಾರದೆ, “ಏನಾರ ಮಾತಾಡವ್ವಾ,” ಎಂದರು. ಕೈ ಹಿಡಿದು ಕೂತು ಮಾತಾಡಿದೆ: ಜೋಳದ ಬೆಳೆ, ಅತ್ತೆಯ ಸಿಡುಕು, ಹೊಸ ಕರುವಿನ ಚೇಷ್ಟೆ. ಬಿಸಿಲು ಗೋಡೆಯಿಂದ ಇಳಿಯಿತು. ಅಜ್ಜಿ ಬಂದು ಭುಜ ಮುಟ್ಟಿ, “ಸಾಕು ಮಗಳ, ಆಕಿ ಹೋಗಿ ಬಾಳ ಹೊತ್ತಾತು,” ಎಂದಾಗಲೂ ನಾನು ಮಾತಾಡುತ್ತಲೇ ಇದ್ದೆ.