ರಾಯಲ್ಪಾಡಿನ ಅಜ್ಜಿಯನ್ನು ಕೇಳಿದ ಪ್ರಶ್ನೆ

ಹೋದ ತಿಂಗಳು ಮಾಲೂರಿನಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳ ನಾಮಕರಣವಿತ್ತು. ಉಡುಗೊರೆಗಳ ನಡುವೆ ಯಾರೋ ಕೊಟ್ಟ ಬೆಳ್ಳಿಯ ಒಳಲೆ. ಮಗುವಿಗೆ ಹಾಲು ಕುಡಿಸುವ, ಮೂತಿ ಚೂಪಾದ ಆ ಪುಟ್ಟ ಬಟ್ಟಲನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ನೀರು ಕುಡಿಯುವ ನೆಪ ಮಾಡಿ ಎದ್ದುಹೋದೆ. ಹನ್ನೊಂದು ವರ್ಷದ ಹಿಂದೆ ಅಂಥದ್ದೇ ಒಂದನ್ನು ರಾಯಲ್ಪಾಡಿನಿಂದ ಆಸ್ಪತ್ರೆಗೆ ಬಂದಿದ್ದ ಒಬ್ಬ ಅಜ್ಜಿಯ ಕೈಯಲ್ಲಿ ನೋಡಿದ್ದೆ…

ಆಗ ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡಿನ ನರ್ಸ್. ಅಜ್ಜಿಯ ಮಗಳಿಗೆ ಚೊಚ್ಚಲ ಗಂಡುಮಗು, ಹುಟ್ಟುವಾಗಲೇ ಹೃದಯದಲ್ಲಿ ದೋಷ. ಬೆಂಗಳೂರಿನಲ್ಲಿ ಆಪರೇಷನ್‌ಗೆ ಹಾಸಿಗೆ ಸಿಗುವವರೆಗೆ ನಮ್ಮಲ್ಲೇ ಇತ್ತು. ಅಂಥ ಮಕ್ಕಳ ಕರುಳಿಗೆ ರಕ್ತ ಸಾಕಷ್ಟು ಹೋಗುವುದಿಲ್ಲ. ಹಾಲೂ ಭಾರವಾಗಿ ಕರುಳು ಕೆಡುವ ಭಯ. ಹಾಗಾಗಿ ತಾಯಿಯ ಹಾಲನ್ನೇ ಮೂರು ಗಂಟೆಗೊಮ್ಮೆ, ಒಂದೆರಡು ಎಂ.ಎಲ್. ಮಾತ್ರ, ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಕೊಡುತ್ತಿದ್ದೆವು.

ಮಗಳು ಹಿಂಡಿಕೊಟ್ಟ ಹಾಲನ್ನು ವಾರ್ಡಿನ ಬಾಗಿಲಿಗೆ ತಂದುಕೊಡುವುದು ಅಜ್ಜಿಯ ಕೆಲಸ. ಸಿರಿಂಜಿಗೆ ನಾನು ತುಂಬಿಕೊಂಡಿದ್ದನ್ನು ನೋಡಿ, "ಇಷ್ಟೇನಾ ಸಿಸ್ಟರಮ್ಮ? ಬಿಡ್ಡ ಹಸ್ಕೊಂಡಿರ್ತದೆ," ಎನ್ನುತ್ತಿದ್ದರು. "ಜಾಸ್ತಿ ಕೊಟ್ರೆ ಕರುಳು ತಡ್ಕೊಳಲ್ಲ ಅಜ್ಜಿ," ಎಂದರೆ ಗಾಜಿನಾಚೆಯಿಂದ ಮಗುವನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಆರನೆಯ ದಿನ ಬೆಳಿಗ್ಗೆ ಒಂಬತ್ತರ ಹಾಲಿಗೆ ಮುಂಚೆ ನಳಿಕೆಯನ್ನು ಪರೀಕ್ಷಿಸಿದೆ. ಹಸಿರು ನೀರು ಬಂತು. ಹೊಟ್ಟೆ ಉಬ್ಬಿ ಚರ್ಮ ಹೊಳೆಯುತ್ತಿತ್ತು, ಮಲದ ಬಟ್ಟೆಯಲ್ಲಿ ರಕ್ತ. ಡಾಕ್ಟರು ಓಡಿಬಂದರು, ಹಾಲು ನಿಲ್ಲಿಸಿದೆವು. ಆಗ ನೆನಪಾಯಿತು: ಸ್ವಲ್ಪ ಹೊತ್ತಿನ ಮುಂಚೆ ಅಜ್ಜಿ ಹೊರಗಿನ ನಲ್ಲಿಯಲ್ಲಿ ಬೆಳ್ಳಿಯ ಒಳಲೆ ತೊಳೆಯುತ್ತಿದ್ದರು.

ಹೊರಗೆ ಬಂದವಳು ಎಲ್ಲರೆದುರೇ ಕೇಳಿಬಿಟ್ಟೆ. "ಅಜ್ಜಿ, ನಿಜ ಹೇಳಿ. ಮಗೂಗೆ ಏನ್ ಕುಡಿಸಿದ್ರಿ?"

"ಏನೂ ಇಲ್ಲಮ್ಮ, ದೇವರಾಣೆ."

"ಮತ್ತೆ ಒಳಲೆ ಯಾಕೆ ತೊಳೀತಿದ್ರಿ?"

"ದಿನಾ ತೊಳೆದಿಡ್ತೀನಮ್ಮ… ಇವತ್ತಾದ್ರೂ ಬಾಯಲ್ಲಿ ಕುಡಿಸಿ ಅಂತೀರೇನೋ ಅಂತ."

ನಾನು ನಂಬಲಿಲ್ಲ. ಅದು ಮುಖದಲ್ಲಿ ಕಂಡಿರಬೇಕು. ಗೋಡೆಗೊರಗಿ ಕೂತಿದ್ದ ಮಗಳು ತಾಯಿಯತ್ತ ತಿರುಗಿ, "ಅಮ್ಮಾ, ಏನ್ ಮಾಡ್ದೆ ನೀನು?" ಎಂದಳು. ಅಜ್ಜಿ ಮತ್ತೆ ಆಣೆಯಿಡಲಿಲ್ಲ. ಒಳಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಮಧ್ಯಾಹ್ನ ಮಗುವನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಮೂರನೆಯ ದಿನ ಮಗು ಹೋಯಿತೆಂದು ಸುದ್ದಿ ಬಂತು. ಅಜ್ಜಿಯ ವಿಷಯ ಹೇಳಿದಾಗ ನಮ್ಮ ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. "ಇದಕ್ಕೆ ಯಾರೂ ಏನೂ ಕುಡಿಸಬೇಕಾಗಿಲ್ಲಮ್ಮ. ಹಾರ್ಟ್ ಹೀಗಿದ್ರೆ ಎಷ್ಟು ಹುಷಾರಾಗಿದ್ರೂ ಕರುಳು ಕೆಡಬಹುದು." ಅಜ್ಜಿ ಮಗುವಿನ ಬಳಿ ಒಬ್ಬರೇ ಒಂದು ಗಳಿಗೆಯೂ ಇರಲಿಲ್ಲವೆಂದು ನನಗೂ ಗೊತ್ತಿತ್ತಲ್ಲ… ಕೇಸ್ ಶೀಟಿನಲ್ಲಿ ಅವರ ಫೋನ್ ನಂಬರಿತ್ತು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದುಕೊಂಡೆ. ಮಾಡಲಿಲ್ಲ.

ಆರು ವರ್ಷದ ನಂತರ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಆ ಮಗಳೇ ನನ್ನ ಗುರುತು ಹಿಡಿದಳು. ಜೊತೆಗೆ ನಾಲ್ಕು ವರ್ಷದ ಹೆಣ್ಣುಮಗು. ಅಜ್ಜಿ ಹೇಗಿದ್ದಾರೆಂದು ಕೇಳಿದೆ.

"ಅಮ್ಮ ಹೋಗಿ ವರ್ಷ ಆಯ್ತಕ್ಕ," ಎಂದಳು. "ಇವಳಿಗೆ ಒಂದು ತುತ್ತೂ ತಿನ್ನಿಸ್ಲಿಲ್ಲ. ಎತ್ಕೊಳ್ಳೋಳು, ಆಡಿಸೋಳು. ಊಟದ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗ್ಬಿಡೋಳು. 'ನನ್ ಕೈ ಬೇಡಮ್ಮ' ಅನ್ನೋಳು."

ಅಲ್ಲೇ ನಿಂತು ಹೇಳಿದೆ: ಅಜ್ಜಿ ಏನೂ ಕುಡಿಸಿರಲಿಲ್ಲ, ಹೃದಯದ ತೊಂದರೆಯಿಂದಲೇ ಕರುಳು ಕೆಟ್ಟಿದ್ದು, ನಾನೇ ತಪ್ಪಾಗಿ ಕೇಳಿದ್ದು.

ಅವಳು ನನ್ನನ್ನು ಬೈಯಲಿಲ್ಲ. "ನಾನೂ ಕೇಳಿದ್ನಲ್ಲಕ್ಕ," ಎಂದಳು. ರಾಯಲ್ಪಾಡಿನ ಬಸ್ ಬಂತು, ಮಗುವನ್ನೆತ್ತಿಕೊಂಡು ಹತ್ತಿದಳು.

ಈಗಲೂ ಅದೇ ವಾರ್ಡಿನಲ್ಲಿದ್ದೇನೆ. ಹೃದಯದ ತೊಂದರೆಯ ಮಗು ಬಂದರೆ ಮೊದಲು ಮನೆಯವರೆಲ್ಲರನ್ನೂ ಕೂರಿಸಿ ಹೇಳುತ್ತೇನೆ: ನಾವೆಷ್ಟು ಜಾಗ್ರತೆ ಮಾಡಿದರೂ ಕರುಳು ಕೆಡಬಹುದು, ಕೆಟ್ಟರೆ ಯಾರ ಮೇಲೂ ತಪ್ಪು ಹೊರಿಸಬೇಡಿ. ಎಲ್ಲರೂ ತಲೆಯಾಡಿಸುತ್ತಾರೆ. ಒಬ್ಬರಿಗೆ ಮಾತ್ರ ಅದನ್ನು ಹೇಳಲಾಗಲಿಲ್ಲ…