ನಟ್ಟು ಬೋಲ್ಟಿನ ಮಂಚ

ನನ್ನ ಅಕ್ಕನ ಗಂಡ ಬಡಗಿ. ಕಂಡವರ ಮನೆಗೆ ಅವರು ಮಾಡಿಕೊಟ್ಟ ಬಾಗಿಲು ಇಪ್ಪತ್ತು ಮಳೆಗಾಲ ಕಂಡರೂ ಕಿರ್ ಎನ್ನುವುದಿಲ್ಲ. ಸ್ವಂತ ಮನೆಯ ಮಂಚ ಮಾತ್ರ ಮಗ್ಗುಲು ಹೊರಳಿದರೆ ಸಾಕು, ಎಣ್ಣೆ ಕಾಣದ ಗಾಡಿಯಂತೆ ಅರಚುತ್ತಿತ್ತು. ಬಡಗಿಯ ಮನೆ ಮಂಚಕ್ಕೆ ಮೂರೇ ಕಾಲು ಎಂದು ನೆರೆಯವರು ನಗುತ್ತಿದ್ದರು. ಅವರಿಗೇನು ಗೊತ್ತು, ಭಾವನ ಕೈ ಸೋಮಾರಿಯಲ್ಲ, ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಭಾವ ತಮ್ಮ ಮನೆಯ ಯಾವ ಸಾಮಾನಿಗೂ ಅಂಟು ಹಾಕಿದವರಲ್ಲ. ಮಂಚ, ಕಪಾಟು, ಮೇಜು ಎಲ್ಲಕ್ಕೂ ನಟ್ಟು ಬೋಲ್ಟು. ಅರ್ಧ ಗಂಟೆಯಲ್ಲಿ ಬಿಚ್ಚಿ, ಹಗ್ಗ ಬಿಗಿದು, ಲಾರಿಗೆ ಹಾಕುವಂತಿರಬೇಕು. ಯಾಕೆಂದರೆ ನಾವು ಈ ರಾಜ್ಯದವರಲ್ಲ. ಅವರು ಬಂದದ್ದು ಎರಡು ವರ್ಷಕ್ಕೆಂದು, ಆದದ್ದು ಇಪ್ಪತ್ತಾರು. ಅಕ್ಕನ ಬೆನ್ನಿಗೇ ಬಂದ ನಾನು ಪಕ್ಕದ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟೆ. ಇಲ್ಲಿಯ ಮಾತನ್ನು ಗಿರಾಕಿಗಳ ಬೈಗುಳದಿಂದಲೇ ಕಲಿತೆ, ಯಾವ ಮೇಷ್ಟರ ಹಂಗೂ ಇಲ್ಲದೆ.

ವರ್ಷಕ್ಕೊಮ್ಮೆ ಭಾವ ತಕ್ಕಡಿ ಹಿಡಿದು ಕೂರುತ್ತಿದ್ದರು. ಹುಟ್ಟಿದೂರಿಗೆ ಹೋದರೆ ಹೊಟ್ಟೆನೋವನ್ನು ಡಾಕ್ಟರಿಗೆ ಹುಟ್ಟಿದ ಮಾತಿನಲ್ಲಿ ಹೇಳಬಹುದು, ಅಪ್ಪನ ಮನೆಯಲ್ಲೊಂದು ಪಾಲಿದೆ, ಸತ್ತರೆ ಹೊರಲು ನಾಲ್ಕು ಜನ ದಾಯಾದಿಗಳಿದ್ದಾರೆ. ಇಲ್ಲಿದ್ದರೆ ಕೈತುಂಬ ಕೆಲಸ, ಮಗಳ ಮನೆ ನಾಲ್ಕು ಬೀದಿ ದೂರ, ಅಕ್ಕನಿಗೆ ಶಿಶುಮಂದಿರದ ಆಯಾ ಕೆಲಸ. ಅಕ್ಕಸಾಲಿಯ ತಕ್ಕಡಿಯಾದರೂ ಒಂದು ಗಳಿಗೆಗೆ ನಿಂತೀತು, ಇದು ನಿಲ್ಲದು. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದೇ ಮಾತು: ಇನ್ನೊಂದು ವರ್ಷ ನೋಡೋಣ.

ಅಕ್ಕ ಮೊದಲ ಹತ್ತು ವರ್ಷ ಗಂಟು ಕಟ್ಟಿಕೊಂಡೇ ಕೂತಿದ್ದಳು. ಕರೆದಿದ್ದರೆ ಆ ದಿನವೇ ಹೊರಡುತ್ತಿದ್ದಳು. ಆಮೇಲಾಮೇಲೆ ಒಂದನ್ನೇ ಕೇಳತೊಡಗಿದಳು: ಹೋಗುವುದಾದರೆ ಹೋಗೋಣ, ಇರುವುದಾದರೆ ಈ ಮಂಚಕ್ಕೆ ಅಂಟು ಹಾಕಿ. ಸೊಂಟ ಹಿಡಿದುಕೊಂಡು ಏಳುವಾಗೆಲ್ಲ ಹೇಳಿದಳು. ಭಾವ ಸ್ಪ್ಯಾನರ್ ತಂದು ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತಿದ್ದರು. ವಾರ ಕಳೆಯುವುದರೊಳಗೆ ಮಂಚ ಮತ್ತೆ ಹಳೇ ರಾಗ.

ಈ ವರ್ಷ ಭಾವನ ತಮ್ಮ ಅಲ್ಲಿಂದ ಫೋನು ಮಾಡಿದ. ಮನೆ ರಿಪೇರಿ ಮಾಡಿಸುತ್ತಿದ್ದೇನೆ, ಅಣ್ಣಾ. ನೀನು ಬರುವುದಾದರೆ ಮುಂದಿನ ಕೋಣೆ ನಿನಗೆ. ಬರದಿದ್ದರೆ ಅದನ್ನು ಅಂಗಡಿ ಮಾಡುತ್ತೇನೆ, ತಿಂಗಳೊಳಗೆ ಹೇಳು ಎಂದ. ಭಾವ ಹತ್ತು ದಿನಕ್ಕೆಂದು ಹೊರಟರು. ಅಕ್ಕ ಚೀಲ ತುಂಬಿಕೊಡುತ್ತ, ಈ ಸಲ ಉತ್ತರ ತೊಗೊಂಡೇ ಬನ್ನಿ ಎಂದಷ್ಟೇ ಅಂದಳು.

ಅಲ್ಲಿ ನಡೆದದ್ದನ್ನು ಭಾವನೇ ಆಮೇಲೆ ಹಲ್ಲು ಕಡಿಯುತ್ತ ಹೇಳಿದ್ದು. ಹುಟ್ಟಿದ ಮನೆಯಿಂದ ಎರಡು ಬೀದಿ ಆಚೆಯ ಟೀ ಅಂಗಡಿಯವನು ಇವರ ಮಾತಿನ ಎಳೆತ ಕೇಳಿ, ಯಾವ ಕಡೆಯವರು ನೀವು, ಇಲ್ಲಿಗೆ ಹೊಸಬರಾ ಎಂದನಂತೆ. ಇಲ್ಲಿ ಇಪ್ಪತ್ತಾರು ವರ್ಷದಿಂದ ಕೇಳಿ ಕಿವಿ ತೂತಾದ ಪ್ರಶ್ನೆಯೇ ಅದು. ಅಲ್ಲಿಂದ ಸಿಟ್ಟಿನಲ್ಲೇ ಕೆಲಸ ವಿಚಾರಿಸಲು ಮರದ ಮಿಲ್ಲಿಗೆ ಹೋದರೆ, ಅಲ್ಲಿ ಗರಗಸ ಹಿಡಿದವರೆಲ್ಲ ಈ ರಾಜ್ಯದಿಂದ ಹೊಟ್ಟೆಪಾಡಿಗೆ ಅಲ್ಲಿಗೆ ಹೋದವರು. ತಮ್ಮ ಮಾತು ಆಡುವವನೊಬ್ಬ ಸಿಕ್ಕನೆಂದು ಅವರಿಗೆ ಹಿಗ್ಗೋ ಹಿಗ್ಗು. ಭಾವನೂ ಮಧ್ಯಾಹ್ನದವರೆಗೆ ಮರದ ದಿಮ್ಮಿಯ ಮೇಲೆ ಕೂತು ಅವರೊಂದಿಗೆ ಮಾತಾಡಿದರು. ಹುಟ್ಟಿದೂರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದು ಅವರ ಜೊತೆಗೆ ಮಾತ್ರ.

ಎಂಟನೇ ದಿನ ಅಕ್ಕನಿಗೆ ಫೋನು ಮಾಡಿ, ಯಾವುದೂ ಸರಿ ಕಾಣುತ್ತಿಲ್ಲ ಕಣೇ, ತಮ್ಮನಿಗೆ ಏನೋ ಒಂದು ಹೇಳಿ ಬರುತ್ತೇನೆ, ಇನ್ನೊಂದು ವರ್ಷ ನೋಡೋಣ ಎಂದರು. ನಾನು ಅಲ್ಲೇ ಇದ್ದೆ. ಅಕ್ಕ ಫೋನು ಕೆಳಗಿಟ್ಟು ಸೆರಗು ಸಿಕ್ಕಿಸಿ, ಭಾವನ ಕೆಲಸದ ಪೆಟ್ಟಿಗೆಯಿಂದ ಅಂಟಿನ ಡಬ್ಬಿ ತಂದಳು.

“ಬಾರೋ ತಮ್ಮ, ಈ ಕಾಲು ಹಿಡ್ಕೋ.”

ಭಾವ ಕೇಳಿದರೆ ಏನು ಹೇಳ್ತೀಯ ಅಂದೆ. ಕೇಳಿದಾಗ ನೋಡೋಣ ಅಂದಳು. ನಟ್ಟು ಸಡಿಲಿಸಿ, ಸಂದುಸಂದಿಗೂ ಅಂಟು ಮೆತ್ತಿ, ಮತ್ತೆ ಬಿಗಿದೆವು. ಸೈಕಲ್ ಚಕ್ರದ ಡೊಂಕು ತೆಗೆಯುವವನಿಗೆ ಮಂಚದ ಕಾಲು ಯಾವ ಲೆಕ್ಕ ಎಂಬ ಗರ್ವ ನನ್ನದು.

ಭಾವ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬಂದರು. ಚೀಲವನ್ನು ಮಂಚದ ಮೇಲೆ ಎಸೆದರು. ಮಂಚ ಅರಚಲಿಲ್ಲ. ಬಗ್ಗಿ ಸಂದಿಗೆ ಬೆರಳಿಟ್ಟರು. ಎದ್ದು, ಟೇಪು ತೆಗೆದು ಮಂಚದ ಅಗಲ ಅಳೆದರು, ತಲೆಹಲಗೆಯ ಎತ್ತರ ಅಳೆದರು, ಹೊರಗೆ ಹೋಗಿ ಮಹಡಿ ಮೆಟ್ಟಿಲಿನ ತಿರುವು ಅಳೆದರು. ಕೋಣೆ ಇರುವುದು ಮೇಲೆ, ಮೆಟ್ಟಿಲು ಎರಡಡಿ ಅಗಲ.

“ಇದು ಇನ್ನು ಕೆಳಗಿಳಿಯಲ್ಲ,” ಎಂದರು.

“ಇಳೀಬಾರ್ದು ಅಂತಾನೇ ಹಾಕಿದ್ದು,” ಎಂದಳು ಅಕ್ಕ.

ಭಾವ ಧೊಪ್ಪನೆ ಮಂಚದ ಮೇಲೆ ಕೂತರು. ಟಕ್ ಎಂದಿತು. ಏಳುವಾಗ ಮತ್ತೆ ಟಕ್. ನಾನು ಹಿಡಿದ ಮೂಲೆಯ ಕಾಲು ನೆಲದಿಂದ ಬೆರಳ ದಪ್ಪ ಮೇಲಿತ್ತು. ನೆರೆಯವರ ನಗೆಮಾತು ನಿಜವಾಗಿತ್ತು. ಹೆಂಡತಿ ತಿರುಗಿಬಿದ್ದದ್ದಕ್ಕಿಂತ ಅದೇ ಅವರಿಗೆ ಹೆಚ್ಚು ಉರಿದದ್ದು. ಮುಖ ಕೆಂಪಗೆ ಮಾಡಿಕೊಂಡು ಅಕ್ಕನ ಕಡೆ ತಿರುಗಿದರು.

“ಅಂಟು ಹಾಕೋದೇ ಆಗಿದ್ರೆ ನನಗೊಂದು ಮಾತು ಹೇಳೋದಲ್ವೇನೇ? ನೇರ ಕೂರಿಸ್ತಿದ್ದೆ.”

“ಹದಿನಾರು ವರ್ಷ ಹೇಳಿದೆನಲ್ಲ.”

ನಾನು ಅಂಗಡಿಯಲ್ಲಿ ಕೆಲಸವಿದೆ ಎಂದು ಮೆಟ್ಟಿಲ ಕಡೆ ಸರಿದೆ. ಭಾವ ಬಿಡಲಿಲ್ಲ. ಡೊಂಕು ಚಕ್ರ ಜೋಡಿಸಿ ರೂಢಿ ಇರೋ ಕೈ ಕಣಯ್ಯ ನಿಂದು ಎಂದು ಒಂದು ತಿವಿದು, ಕಾಲು ಗಂಟೆ ಸಂದುಗಳನ್ನು ಅಲ್ಲಾಡಿಸಿ ನೋಡಿದರು. ಒಣಗಿದ ಅಂಟು ಜಪ್ಪಯ್ಯ ಎಂದರೂ ಬಿಡಲಿಲ್ಲ. ಒಳ್ಳೆಯ ಅಂಟನ್ನೇ ತಂದಿಟ್ಟವರು ಅವರೇ.

ಆ ಸಂಜೆ ತಮ್ಮನಿಗೆ ಫೋನು ಮಾಡಿ, ಅಂಗಡಿನೇ ಮಾಡ್ಕೋಪ್ಪ ಎಂದರು. ತಮ್ಮ ಏನೋ ಕೇಳಿದ. ಮಂಚ ಇಳಿಯೋದಿಲ್ಲ ಕಣೋ ಎಂದರು. ಅವನಿಗೆ ಏನು ಅರ್ಥವಾಯಿತೋ.

ಕಾಲಿನ ಕೆಳಗೆ ಒಂದು ಮರದ ಚೂರು ಇಟ್ಟಿದ್ದಾರೆ. ಗುಡಿಸುವಾಗೆಲ್ಲ ಅದು ಜಾರುತ್ತದೆ. ಮೊಳೆ ಹೊಡೆದು ಕೂರಿಸಿಬಿಡಿ ಎಂದು ಅಕ್ಕ ಹೇಳಲು ಶುರುಮಾಡಿದ್ದಾಳೆ. ಭಾವ, ನೋಡೋಣ ಎನ್ನುತ್ತಾರೆ.